ಮ್ಯಾಗೈರ್‌ಗೆ ಬೈದವರು ಯಾವ ಪಂದ್ಯ ನೋಡಿದ್ದರು?

ಘಾನಾ ದೇಶದ ಸಂಸತ್ತಿನಲ್ಲಿ 2022ರ ಕೊನೆಯಲ್ಲಿ ಬಜೆಟ್ ಚರ್ಚೆ ನಡೆಯುತ್ತಿತ್ತು. ವಿರೋಧ ಪಕ್ಷದ ಸಂಸದ ಐಸಾಕ್ ಅಡೊಂಗೊ ಎದ್ದು ನಿಂತರು. ದೇಶದ ಹಣಕಾಸಿನ ಉಸ್ತುವಾರಿ ಹೊತ್ತಿದ್ದ ಉಪಾಧ್ಯಕ್ಷ ಮಹಮುದು ಬವುಮಿಯಾ ಅವರನ್ನು ತರಾಟೆಗೆ ತೆಗೆದುಕೊಳ್ಳಬೇಕಿತ್ತು. ಅದಕ್ಕೆ ಅವರು ತಂದ ಹೋಲಿಕೆ ಯಾವ ಅರ್ಥಶಾಸ್ತ್ರದ ಪುಸ್ತಕದ್ದೂ ಅಲ್ಲ. ಇಂಗ್ಲೆಂಡಿನ ಡಿಫೆಂಡರ್ ಹ್ಯಾರಿ ಮ್ಯಾಗೈರ್! ಎದುರಾಳಿಯನ್ನು ಬಿಟ್ಟು ತನ್ನದೇ ತಂಡಕ್ಕೆ ಗಂಡಾಂತರ ತರುವ ಆಟಗಾರ ಎಂಬರ್ಥದಲ್ಲಿ ಅವರು ಮಾತಾಡುತ್ತಿದ್ದರೆ ಸದನ ಬಿದ್ದು ಬಿದ್ದು ನಗುತ್ತಿತ್ತು. ಆ ವಿಡಿಯೊ ಜಗತ್ತೆಲ್ಲ ಸುತ್ತಿತು. ನಮ್ಮ ವಾಟ್ಸ್‌ಆ್ಯಪ್ ಗುಂಪಿಗೂ ಬಂತು.

ತಮಾಷೆ ಏನೆಂದರೆ, ಅದೇ ದಿನಗಳಲ್ಲಿ ಕತಾರ್‌ನಲ್ಲಿ ವಿಶ್ವಕಪ್ ನಡೆಯುತ್ತಿತ್ತು. ಅಲ್ಲಿ ಮ್ಯಾಗೈರ್ ಚೆನ್ನಾಗಿಯೇ ಆಡುತ್ತಿದ್ದ. ಅಮೆರಿಕ ವಿರುದ್ಧ ಒಂದೂ ಗೋಲು ಬಿಟ್ಟುಕೊಡದ ತಂಡದ ನಡುಭಾಗದಲ್ಲಿ ಅವನಿದ್ದ. ವೇಲ್ಸ್ ವಿರುದ್ಧವೂ ಅಷ್ಟೇ. ಒಂದು ದೇಶದ ಸಂಸತ್ತು ನಗುತ್ತಿದ್ದದ್ದು ಬೇರೆ, ಟಿ.ವಿ.ಯಲ್ಲಿ ಕಾಣುತ್ತಿದ್ದದ್ದು ಬೇರೆ. ಈ ಎರಡರ ನಡುವಿನ ಅಂತರದ ಬಗ್ಗೆ ನಾನು ಬಹಳ ದಿನದಿಂದ ಬರೆಯಬೇಕೆಂದುಕೊಂಡಿದ್ದೆ.

ನಾನು ಡಿಗ್ರಿ ಮುಗಿಸಿ ಧಾರವಾಡದ ಒಂದು ಪಿ.ಜಿ.ಯಲ್ಲಿ ಇದ್ದುಕೊಂಡು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವನು. ನಮ್ಮ ಕೋಣೆಯಲ್ಲಿ ನಾಲ್ವರು. ಕ್ರಿಕೆಟ್ ಎಲ್ಲರಿಗೂ ಬೇಕು. ಫುಟ್‌ಬಾಲ್ ಹುಚ್ಚು ಇಬ್ಬರಿಗೆ. ಯೂರೊ, ವಿಶ್ವಕಪ್ ಬಂದರೆ ರಾತ್ರಿ ಹನ್ನೆರಡೂವರೆ ಪಂದ್ಯಕ್ಕೆ ಎದ್ದು ಕೂರುತ್ತೇವೆ, ಬೆಳಿಗ್ಗೆ ಲೈಬ್ರರಿಯಲ್ಲಿ ತೂಕಡಿಸುತ್ತೇವೆ. ಪಂದ್ಯ ನೋಡುವುದಕ್ಕಿಂತ ಪಂದ್ಯದ ಮೇಲಿನ ಜಗಳವೇ ಹೆಚ್ಚು ಹೊತ್ತು ನಡೆಯುತ್ತದೆ ಅನ್ನುವುದು ನಿಮಗೂ ಗೊತ್ತಿರುವ ವಿಷಯ. ಆ ಜಗಳಗಳಲ್ಲಿ ಮ್ಯಾಗೈರ್ ಹೆಸರು ಬಂದಷ್ಟು ಸಲ ಮೆಸ್ಸಿ ಹೆಸರೂ ಬಂದಿಲ್ಲ.

ಹಿನ್ನೆಲೆ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಶೆಫೀಲ್ಡ್‌ನ ಹುಡುಗ, ಹುಟ್ಟಿದ್ದು 1993ರಲ್ಲಿ. ಶೆಫೀಲ್ಡ್ ಯುನೈಟೆಡ್, ಹಲ್ ಸಿಟಿ, ಲೆಸ್ಟರ್ ಸಿಟಿ ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಹತ್ತಿದವನು. 2016ರ ಯೂರೊ ಟೂರ್ನಿಗೆ ಗೆಳೆಯರ ಜೊತೆ ಫ್ರಾನ್ಸ್‌ಗೆ ಹೋಗಿ ಗ್ಯಾಲರಿಯಲ್ಲಿ ನಿಂತು ಇಂಗ್ಲೆಂಡ್‌ಗೆ ಕೂಗಿದ್ದ. ಎರಡೇ ವರ್ಷಕ್ಕೆ, 2018ರಲ್ಲಿ, ರಷ್ಯಾ ವಿಶ್ವಕಪ್‌ನ ಕ್ವಾರ್ಟರ್ ಫೈನಲ್‌ನಲ್ಲಿ ಸ್ವೀಡನ್ ವಿರುದ್ಧ ತಲೆಯಿಂದ ಗೋಲು ಹೊಡೆದ. 28 ವರ್ಷಗಳ ನಂತರ ಇಂಗ್ಲೆಂಡ್ ವಿಶ್ವಕಪ್ ಸೆಮಿಫೈನಲ್ ತಲುಪಿತು. ಆಗ ಅವನು ಎಲ್ಲರ ಮುದ್ದು. ಅವನ ದೊಡ್ಡ ಹಣೆಯ ಬಗ್ಗೆ ಜೋಕು ಮಾಡಿದವರೂ ಪ್ರೀತಿಯಿಂದಲೇ ಮಾಡುತ್ತಿದ್ದರು.

2019ರ ಆಗಸ್ಟ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಅವನನ್ನು 8 ಕೋಟಿ ಪೌಂಡ್ ಕೊಟ್ಟು ಖರೀದಿಸಿತು. ನಮ್ಮ ಲೆಕ್ಕಕ್ಕೆ ಆಗ ಸುಮಾರು 680 ಕೋಟಿ ರೂಪಾಯಿ. ಜಗತ್ತಿನಲ್ಲಿ ಒಬ್ಬ ಡಿಫೆಂಡರ್‌ಗೆ ಅಲ್ಲಿಯವರೆಗೆ ಯಾರೂ ಅಷ್ಟು ಕೊಟ್ಟಿರಲಿಲ್ಲ. ಲಿವರ್‌ಪೂಲ್ ವರ್ಜಿಲ್ ವ್ಯಾನ್ ಡೈಕ್‌ಗೆ ಕೊಟ್ಟಿದ್ದು ಏಳೂವರೆ ಕೋಟಿ. ಬೆಲೆ ನಿಗದಿ ಮಾಡಿದ್ದು ಮ್ಯಾಗೈರ್ ಅಲ್ಲ, ಎರಡು ಕ್ಲಬ್ಬುಗಳು ಚೌಕಾಸಿ ಮಾಡಿಕೊಂಡು ಒಪ್ಪಿದ ಮೊತ್ತ ಅದು. ಆದರೆ ಬೆಲೆಯ ಚೀಟಿ ಅಂಟಿದ್ದು ಮಾತ್ರ ಅವನ ಬೆನ್ನಿಗೆ. ಅಲ್ಲಿಂದ ಮುಂದೆ ಅವನು ಮಾಡಿದ ಪ್ರತಿ ತಪ್ಪೂ 8 ಕೋಟಿಯ ತಪ್ಪಾಯಿತು.

ಈಗ ವಿಷಯಕ್ಕೆ ಬರೋಣ. ರಾಷ್ಟ್ರೀಯ ತಂಡದ ಪರವಾಗಿ ದೊಡ್ಡ ಟೂರ್ನಿಗಳಲ್ಲಿ ಅವನು ಆಡಿದ್ದು ಹೇಗೆ? ಕ್ಲಬ್ಬಿನ ಕಥೆಯನ್ನು ಒಂದು ಕ್ಷಣ ಪಕ್ಕಕ್ಕಿಟ್ಟು ನೋಡಿ.

ಕೋವಿಡ್‌ನಿಂದಾಗಿ 2021ರಲ್ಲಿ ನಡೆದ ಯೂರೊ 2020. ಮ್ಯಾಗೈರ್‌ಗೆ ಆ ಮೇ ತಿಂಗಳಲ್ಲಿ ಪಾದದ ಕೀಲಿನ ಗಾಯವಾಗಿತ್ತು. ಮೊದಲ ಎರಡು ಪಂದ್ಯ ಆಡಲಿಲ್ಲ. ಗಾಯಾಳುವನ್ನು ಯಾಕೆ ಕರೆದುಕೊಂಡು ಹೋದಿರಿ ಎಂದು ಆಗಲೇ ತಕರಾರಿತ್ತು. ಮೂರನೇ ಪಂದ್ಯಕ್ಕೆ ಬಂದ. ವೆಂಬ್ಲಿಯಲ್ಲಿ ಜರ್ಮನಿ ವಿರುದ್ಧ 2-0. ರೋಮ್‌ನಲ್ಲಿ ಉಕ್ರೇನ್ ವಿರುದ್ಧ 4-0, ಅದರಲ್ಲಿ ಒಂದು ಅವನ ತಲೆಯದ್ದೇ. ಇಡೀ ಟೂರ್ನಿಯ ಏಳು ಪಂದ್ಯಗಳಲ್ಲಿ ಇಂಗ್ಲೆಂಡ್ ಬಿಟ್ಟುಕೊಟ್ಟದ್ದು ಎರಡೇ ಗೋಲು. ಒಂದು ಡೆನ್ಮಾರ್ಕ್‌ನ ಡ್ಯಾಮ್ಸ್‌ಗಾರ್ಡ್ ಹೊಡೆದ ಫ್ರೀ ಕಿಕ್, ಇನ್ನೊಂದು ಫೈನಲ್‌ನಲ್ಲಿ ಬೊನುಚ್ಚಿ ಹೊಡೆದದ್ದು. ಯುಇಎಫ್‌ಎ ಆರಿಸಿದ ಟೂರ್ನಿಯ ಶ್ರೇಷ್ಠ ಹನ್ನೊಂದರಲ್ಲಿ ಮ್ಯಾಗೈರ್ ಇದ್ದ, ಇಟಲಿಯ ಬೊನುಚ್ಚಿ ಪಕ್ಕದಲ್ಲಿ.

ಇಟಲಿ ವಿರುದ್ಧದ ಆ ಫೈನಲ್ ನಮಗೆ ಜುಲೈ 12ರ ನಸುಕಿನಲ್ಲಿ ಮುಗಿಯಿತು. ಪೆನಾಲ್ಟಿ ಶೂಟೌಟ್‌ನಲ್ಲಿ ಎರಡನೆಯವನಾಗಿ ಬಂದ ಮ್ಯಾಗೈರ್ ಚೆಂಡನ್ನು ಎಷ್ಟು ಬಿರುಸಾಗಿ ಒದ್ದನೆಂದರೆ, ಅದು ಬಲೆಯ ಮೇಲ್ಮೂಲೆಯಲ್ಲಿದ್ದ ಕ್ಯಾಮೆರಾಕ್ಕೆ ಬಡಿಯಿತು. ಇಂಗ್ಲೆಂಡ್ 2-1 ಮುಂದೆ. ನಂತರ ಮೂವರು ಎಳೆಯರು ಸಾಲಾಗಿ ತಪ್ಪಿದರು. ರ‍್ಯಾಶ್‌ಫರ್ಡ್, ಸ್ಯಾಂಚೊ, ಸಾಕಾ. ಮೂವರೂ ಕಪ್ಪು ಹುಡುಗರು, ಆ ರಾತ್ರಿಯೇ ಅವರ ಮೇಲೆ ಜನಾಂಗೀಯ ನಿಂದನೆಯ ಮಳೆ ಸುರಿಯಿತು. ಇಂಗ್ಲೆಂಡಿನ ಅಭಿಮಾನಿ ಬಳಗದೊಳಗೆ ಎಂಥ ವಿಷ ಇದೆ ಎಂದು ತೋರಿದ ರಾತ್ರಿ ಅದು. ಆ ಮೂವರು ಅನುಭವಿಸಿದ್ದಕ್ಕೂ ಮ್ಯಾಗೈರ್ ಮುಂದೆ ಅನುಭವಿಸಿದ್ದಕ್ಕೂ ತಕ್ಕಡಿ ಹಿಡಿಯಲು ನಾನು ಹೋಗುವುದಿಲ್ಲ. ಅವರ ಬಣ್ಣಕ್ಕೆ ಬಂದ ಬೈಗುಳ ಬೇರೆಯದೇ ಜಾತಿಯದು.

ಎಂಟು ತಿಂಗಳು ಮುಂದಕ್ಕೆ ಬನ್ನಿ. 2022ರ ಮಾರ್ಚ್ 29. ಅದೇ ವೆಂಬ್ಲಿ. ಐವರಿ ಕೋಸ್ಟ್ ಜೊತೆ ಸ್ನೇಹ ಪಂದ್ಯ. ಇಂಗ್ಲೆಂಡ್ 3-0ಯಿಂದ ಗೆದ್ದ ಪಂದ್ಯ. ಆದರೆ ಸ್ವಂತ ಮೈದಾನದಲ್ಲಿ, ಸ್ವಂತ ಅಭಿಮಾನಿಗಳಲ್ಲಿ ಒಂದು ಗುಂಪು ಮ್ಯಾಗೈರ್ ಹೆಸರು ಬಂದಾಗ, ಅವನು ಚೆಂಡು ಮುಟ್ಟಿದಾಗ ಹೋ ಎಂದು ಕೂಗಿ ಅವಮಾನ ಮಾಡಿತು. ಆ ಪಂದ್ಯದಲ್ಲಿ ಅವನೇನು ತಪ್ಪು ಮಾಡಿದ್ದ? ಏನೂ ಇಲ್ಲ. ಇಂಗ್ಲೆಂಡ್ ಅಂಗಿಯಲ್ಲಿ ಅದಕ್ಕೆ ಹಿಂದೆ ಏನು ತಪ್ಪು ಮಾಡಿದ್ದ? ಹೇಳಿಕೊಳ್ಳುವಂಥದ್ದೇನೂ ಇಲ್ಲ. ಕೂಗಿದ್ದು ಮ್ಯಾಂಚೆಸ್ಟರ್ ಯುನೈಟೆಡ್‌ನ ಕೆಟ್ಟ ವರ್ಷಕ್ಕಾಗಿ. ಅದರ ನಾಯಕ ಅವನಾಗಿದ್ದ. ಅಂದರೆ ಒಂದು ಆಫೀಸಿನಲ್ಲಿ ಆದದ್ದಕ್ಕೆ ಇನ್ನೊಂದು ಆಫೀಸಿನಲ್ಲಿ ನೋಟಿಸು. ಕೋಚ್ ಗ್ಯಾರೆತ್ ಸೌತ್‌ಗೇಟ್ ಪಂದ್ಯದ ನಂತರ ಸಿಟ್ಟಾಗಿ, ಇದು ಶುದ್ಧ ಹುಚ್ಚಾಟ ಎಂಬಂತೆ ಮಾತಾಡಿದರು. ಸಹ ಆಟಗಾರರೂ ಅವನ ಪರ ನಿಂತರು.

ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ಅದಕ್ಕೆ ನಾಲ್ಕು ತಿಂಗಳ ಹಿಂದೆ, 2021ರ ನವೆಂಬರ್‌ನಲ್ಲಿ, ಅಲ್ಬೇನಿಯಾ ವಿರುದ್ಧ ಗೋಲು ಹೊಡೆದ ಮ್ಯಾಗೈರ್ ಎರಡೂ ಕಿವಿಗೆ ಕೈ ಹಚ್ಚಿ, ಈಗ ಬೈಯಿರಿ ನೋಡೋಣ ಎಂಬ ಹಾಗೆ ಓಡಿದ್ದ. ಯುನೈಟೆಡ್‌ನ ಹಳೆಯ ನಾಯಕ ರಾಯ್ ಕೀನ್ ಟಿ.ವಿ.ಯಲ್ಲಿ ಅದನ್ನು ನಾಚಿಕೆಗೇಡು ಎಂದರು. ನನ್ನ ಮಟ್ಟಿಗೆ ಕೀನ್ ಹೇಳಿದ್ದರಲ್ಲಿ ಅರ್ಧ ಸರಿ. ಐದು ಗೋಲಿನ ಗೆಲುವಿನಲ್ಲಿ ಒಂದು ಹೊಡೆದು ಹಾಗೆ ಮಾಡಬಾರದಿತ್ತು. ಆದರೆ ವಾರಗಟ್ಟಲೆ ಎಲ್ಲರೂ ತನ್ನನ್ನೇ ಹಂಗಿಸುವಾಗ 28 ವರ್ಷದ ಮನುಷ್ಯ ಒಂದು ದಿನ ಕಿವಿಗೆ ಕೈ ಹಚ್ಚಿದರೆ ಅದೇನು ದೊಡ್ಡ ಅಪರಾಧವೂ ಅಲ್ಲ.

ಈಗ ಆಟದ ಒಳಗಿನ ಮಾತು. ಕ್ಲಬ್ಬಿನಲ್ಲಿ ಎಡವುವವನು ದೇಶಕ್ಕೆ ಚೆನ್ನಾಗಿ ಆಡಲು ಹೇಗೆ ಸಾಧ್ಯ? ಇದು ನಮ್ಮ ಕೋಣೆಯ ಕಾಯಂ ಪ್ರಶ್ನೆ. ಆಟ ಒಂದೇ, ಮನುಷ್ಯ ಒಬ್ಬನೇ, ಫಾರ್ಮ್ ಅನ್ನುವುದು ಜ್ವರದ ಹಾಗೆ ಎಲ್ಲಿ ಹೋದರೂ ಜೊತೆಗೇ ಬರಬೇಕಲ್ಲ ಎಂಬುದು ನನ್ನ ಗೆಳೆಯನ ವಾದ.

ಡಿಫೆಂಡರ್ ವಿಷಯದಲ್ಲಿ ಹಾಗಲ್ಲ. ಮ್ಯಾಗೈರ್‌ನ ದೊಡ್ಡ ಕೊರತೆ ಓಟ. ತಿರುಗಿ ಓಡಬೇಕಾದರೆ ಅವನು ಲಾರಿ ರಿವರ್ಸ್ ತೆಗೆದಂತೆ ತೆಗೆದುಕೊಳ್ಳುತ್ತಾನೆ. ಬೆನ್ನ ಹಿಂದೆ 40 ಮೀಟರ್ ಖಾಲಿ ಜಾಗ ಬಿಟ್ಟು, ಎದುರಿಗೆ ವೇಗದ ಫಾರ್ವರ್ಡ್ ನಿಲ್ಲಿಸಿದರೆ ಅವನ ಕಥೆ ಮುಗಿಯಿತು. ಪ್ರೀಮಿಯರ್ ಲೀಗ್‌ನಲ್ಲಿ ವಾರ ವಾರ ನಡೆಯುವುದು ಇದೇ. ಚೆಂಡು ಕಳೆದುಕೊಂಡ ಕೂಡಲೇ ಎದುರಾಳಿ ಬಾಣದಂತೆ ನುಗ್ಗುತ್ತಾನೆ. ಆ ಕಾಲದ ಯುನೈಟೆಡ್‌ನಲ್ಲಿ ಮಿಡ್‌ಫೀಲ್ಡ್ ಒಂದು ಕಡೆ, ಡಿಫೆನ್ಸ್ ಒಂದು ಕಡೆ, ನಡುವೆ ಜಾತ್ರೆ ನಡೆಸುವಷ್ಟು ಬಯಲು.

ಸೌತ್‌ಗೇಟ್‌ನ ಇಂಗ್ಲೆಂಡ್ ಬೇರೆ ಮನೆಯಾಗಿತ್ತು. ಟೂರ್ನಿಯ ಪಂದ್ಯಗಳೇ ನಿಧಾನ. ಸೋತರೆ ಮನೆಗೆ ಹೋಗಬೇಕಾದ್ದರಿಂದ ಯಾರೂ ಸುಮ್ಮನೆ ನುಗ್ಗುವುದಿಲ್ಲ. ಡಿಫೆನ್ಸ್ ಸ್ವಲ್ಪ ಹಿಂದೆ ನಿಲ್ಲುತ್ತಿತ್ತು, ಮುಂದೆ ಡೆಕ್ಲನ್ ರೈಸ್ ಥರದವರು ಬೇಲಿ ಹಾಕಿರುತ್ತಿದ್ದರು, ಪಕ್ಕದಲ್ಲಿ ಕೈಲ್ ವಾಕರ್ ಎಂಬ ಮಿಂಚಿನ ಓಟಗಾರ ಇರುತ್ತಿದ್ದ. ಬೆನ್ನ ಹಿಂದಿನ ಬಯಲು ಅಲ್ಲಿ ಹಿತ್ತಲಿನಷ್ಟಾಗುತ್ತಿತ್ತು. ಆಗ ಕೆಲಸಕ್ಕೆ ಬರುತ್ತಿದ್ದುದು ಮ್ಯಾಗೈರ್‌ನ ಬೇರೆ ಗುಣಗಳು: ಗಾಳಿಯಲ್ಲಿ ಬರುವ ಚೆಂಡಿಗೆ ಅವನ ತಲೆ, ಚೆಂಡನ್ನು ಕಾಲಲ್ಲಿಟ್ಟುಕೊಂಡು ಮಿಡ್‌ಫೀಲ್ಡ್‌ವರೆಗೆ ಧೈರ್ಯವಾಗಿ ನಡೆದುಬರುವ ಅಭ್ಯಾಸ, ಮತ್ತು ಕಾರ್ನರ್‌ಗಳು. 2018ರ ವಿಶ್ವಕಪ್‌ನಲ್ಲಿ ಇಂಗ್ಲೆಂಡ್ ಹೊಡೆದ 12 ಗೋಲುಗಳಲ್ಲಿ 9 ಬಂದದ್ದು ಪೆನಾಲ್ಟಿಯೂ ಸೇರಿ ನಿಂತ ಚೆಂಡಿನಿಂದಲೇ. ಅಂಥ ತಂಡಕ್ಕೆ ದೊಡ್ಡ ತಲೆ ಎಂಬುದು ಜೋಕಲ್ಲ, ಬಂಡವಾಳ.

ಒಂದು ಪ್ರಯೋಗ ಮಾಡಿ ನೋಡಿ. ಯಾವುದಾದರೂ ಪಂದ್ಯದ ಪೂರ್ತಿ ಮರುಪ್ರಸಾರ ಸಿಕ್ಕಾಗ ಚೆಂಡನ್ನು ನೋಡಬೇಡಿ. ಒಬ್ಬ ಡಿಫೆಂಡರ್‌ನನ್ನೇ ನೋಡುತ್ತ ಕೂರಿ. ಇಂಗ್ಲೆಂಡ್-ಅಮೆರಿಕ ಪಂದ್ಯವನ್ನು ನಾನು ಹೀಗೆ ನೋಡಿದೆ. ಮೊದಲ ಹತ್ತು ನಿಮಿಷ ಮಹಾ ಬೋರು. ಆಮೇಲೆ ಕಾಣತೊಡಗುತ್ತದೆ. ಎದುರಾಳಿ ಪಾಸ್ ಕೊಡುವ ಮೊದಲೇ ಇವನು ಎರಡು ಹೆಜ್ಜೆ ಎಡಕ್ಕೆ ಸರಿದಿರುತ್ತಾನೆ, ಆದ್ದರಿಂದ ಆ ಪಾಸೇ ಬರುವುದಿಲ್ಲ. ಕೈ ತೋರಿಸಿ ಪಕ್ಕದವನನ್ನು ಒಳಕ್ಕೆ ಕರೆದಿರುತ್ತಾನೆ, ಆದ್ದರಿಂದ ಕ್ರಾಸ್ ಹಾಕುವವನು ಹಿಂದಕ್ಕೆ ಆಡುತ್ತಾನೆ. ಬಾರದ ಪಾಸಿಗೆ, ಆಗದ ಗೋಲಿಗೆ ಹೈಲೈಟ್ಸ್ ಇಲ್ಲ. ಅಂದು ಇಂಗ್ಲೆಂಡ್ ಮಂಕಾಗಿ ಆಡಿ 0-0 ಮಾಡಿಕೊಂಡಿತು, ಅಭಿಮಾನಿಗಳು ಬೈದರು. ಆದರೆ ಆ ರಾತ್ರಿ ಇಂಗ್ಲೆಂಡಿನಲ್ಲಿ ಚೆನ್ನಾಗಿ ಆಡಿದವನು ಮ್ಯಾಗೈರ್ ಎಂದು ವಿಮರ್ಶಕರಲ್ಲಿ ಬಹಳ ಜನ ಒಪ್ಪಿದ್ದರು.

ಫಾರ್ವರ್ಡ್ ಐದು ಸಲ ತಪ್ಪಿ ಆರನೇ ಸಲ ಹೊಡೆದರೆ ಅವನ ಹೆಸರಿನ ಅಂಗಿ ಮಾರಾಟವಾಗುತ್ತದೆ. ಡಿಫೆಂಡರ್ 89 ನಿಮಿಷ ಸರಿಯಾಗಿ ಆಡಿ ಒಂದು ನಿಮಿಷ ಜಾರಿದರೆ ಆ ಒಂದು ನಿಮಿಷ ರೀಲ್ ಆಗುತ್ತದೆ, ಅದಕ್ಕೆ ಸರ್ಕಸ್ ಸಂಗೀತ ಸೇರುತ್ತದೆ. ಪರೀಕ್ಷೆಯ ನೆಗೆಟಿವ್ ಮಾರ್ಕಿಂಗ್‌ಗೆ ಕೂತವರಿಗೆ ಇದು ಹೊಸದಾಗಿ ವಿವರಿಸಬೇಕಿಲ್ಲ. ಆದರೆ ನಮಗೆ ಸರಿ ಉತ್ತರಕ್ಕಾದರೂ ಅಂಕ ಸಿಗುತ್ತದೆ.

ರೀಲ್ ಎಷ್ಟು ಮುಚ್ಚಿಡಬಲ್ಲದು ಎನ್ನುವುದಕ್ಕೆ ಅದೇ ವಿಶ್ವಕಪ್‌ನ ಮೊದಲ ಪಂದ್ಯವಿದೆ. ಇರಾನ್ ವಿರುದ್ಧ 6-2. ಮೊದಲರ್ಧದಲ್ಲಿ ಮ್ಯಾಗೈರ್‌ನ ಹೆಡರ್ ಒಂದು ಸಲ ಅಡ್ಡಪಟ್ಟಿಗೆ ಬಡಿಯಿತು. ಇನ್ನೊಂದು ಸಲ ಕಾರ್ನರ್ ಚೆಂಡನ್ನು ಅವನು ತಲೆಯಿಂದ ಇಳಿಸಿಕೊಟ್ಟಾಗ ಸಾಕಾ ಗೋಲು ಹೊಡೆದ. ಎರಡನೇ ಅರ್ಧದಲ್ಲಿ ತಾರೆಮಿ ಅವನನ್ನು ದಾಟಿ ಇರಾನ್‌ನ ಮೊದಲ ಗೋಲು ಹೊಡೆದ. ನೋಡಿ, ಮತ್ತೆ ಅವನೇ, ಎಂದು ಎಲ್ಲರೂ ಎದ್ದರು. ಸ್ವಲ್ಪ ಹೊತ್ತಿಗೇ ಅವನು ಮೈದಾನ ಬಿಟ್ಟು ಹೊರಗೆ ಬಂದ. ಕಣ್ಣು ಮಂಜಾಗಿತ್ತು ಎಂದು ಕೋಚ್ ಆಮೇಲೆ ಹೇಳಿದರು. ತಲೆಗೆ ಪೆಟ್ಟು ಬಿದ್ದ ಲಕ್ಷಣ. ಇದು ಮೂವತ್ತು ಸೆಕೆಂಡಿನ ವಿಡಿಯೊದಲ್ಲಿ ಎಲ್ಲಿಂದ ಬರಬೇಕು?

ಇಷ್ಟು ಹೇಳಿ ನಾನು ಮ್ಯಾಗೈರ್‌ನ ವಕೀಲನಾಗಿಬಿಟ್ಟೆ ಅನ್ನಿಸಬಹುದು. ಟೀಕಿಸಿದವರ ಬಳಿ ಒಂದು ಗಟ್ಟಿ ವಾದವಿದೆ, ಅದಕ್ಕೆ ಕಿವಿಗೊಡಲೇಬೇಕು. ಬೂ ಎಂದು ಕೂಗಿದವರದ್ದಲ್ಲ, ಲೆಕ್ಕ ಇಟ್ಟುಕೊಂಡು ಕೇಳಿದವರದ್ದು.

2022ರ ಆಗಸ್ಟ್‌ನಲ್ಲಿ ಯುನೈಟೆಡ್ ಮೊದಲೆರಡು ಲೀಗ್ ಪಂದ್ಯ ಸೋತಿತು. ಬ್ರೆಂಟ್‌ಫರ್ಡ್ ಎದುರು 0-4. ಹೊಸ ಕೋಚ್ ಎರಿಕ್ ಟೆನ್ ಹಾಗ್ ಮ್ಯಾಗೈರ್‌ನನ್ನು ಕೂರಿಸಿ ಲಿಸಾಂದ್ರೊ ಮಾರ್ಟಿನೆಜ್, ವರಾನ್ ಜೋಡಿ ಇಳಿಸಿದರು, ತಂಡ ಗೆಲ್ಲತೊಡಗಿತು. ವಿಶ್ವಕಪ್ ಹತ್ತಿರ ಬಂದಾಗ ಮ್ಯಾಗೈರ್ ಹೆಚ್ಚಾಗಿ ಬೆಂಚಿನಲ್ಲಿದ್ದ. ಅದೇ ಹೊತ್ತಿಗೆ ಇಟಲಿಯಲ್ಲಿ ಫಿಕಾಯೊ ಟೊಮೊರಿ ಎಂಬ ಇಂಗ್ಲಿಷ್ ಡಿಫೆಂಡರ್ ಎ.ಸಿ. ಮಿಲಾನ್ ಪರ ಆಡಿ 2021-22ರ ಲೀಗ್ ಗೆದ್ದಿದ್ದ. ಮಿಲಾನ್‌ಗೆ 11 ವರ್ಷಗಳ ನಂತರ ಸಿಕ್ಕ ಪ್ರಶಸ್ತಿ. ಹುಡುಗ ವೇಗಿ, 24ರ ಪ್ರಾಯ. ಕತಾರ್‌ಗೆ ಹೊರಟ 26 ಜನರ ಪಟ್ಟಿಯಲ್ಲಿ ಅವನ ಹೆಸರೇ ಇಲ್ಲ! ಬೆಂಚಿನಲ್ಲಿದ್ದವನು ಆಡುವ ಹನ್ನೊಂದರಲ್ಲಿ, ಚಾಂಪಿಯನ್ ಮನೆಯಲ್ಲಿ.

ಇದೇ ಸೌತ್‌ಗೇಟ್ 2017ರಲ್ಲಿ ವೇಯ್ನ್ ರೂನಿಯಂಥ ದೊಡ್ಡ ಹೆಸರನ್ನು ಕೈಬಿಟ್ಟಾಗ, ಹೆಸರು ನೋಡಿ ಆರಿಸುವುದಿಲ್ಲ, ಫಾರ್ಮ್ ಲೆಕ್ಕಕ್ಕೆ ಬರಲೇಬೇಕು ಎಂಬರ್ಥದ ಮಾತಾಡಿದ್ದರು. ರೂನಿಗೆ ಒಂದು ನಿಯಮ, ಮ್ಯಾಗೈರ್‌ಗೆ ಇನ್ನೊಂದೇ ಎಂದು ಕೇಳಿದರೆ ಏನು ಉತ್ತರ? ಅಧಿಸೂಚನೆ ಹೊರಡಿಸುವಾಗ ಒಂದು ಅರ್ಹತೆ, ಆಯ್ಕೆ ಪಟ್ಟಿ ಬರುವಾಗ ಇನ್ನೊಂದು ಎಂದಾದರೆ ನಾವು ಸುಮ್ಮನಿರುತ್ತೇವೆಯೇ? ನನ್ನ ಜೊತೆ ಓದುವವರೆಲ್ಲ ಈ ಪ್ರಶ್ನೆ ಬಂದಾಗ ಟೊಮೊರಿ ಪರ ನಿಲ್ಲುತ್ತಾರೆ. ಸಹಜ. ನಾವೆಲ್ಲ ಬಾಗಿಲ ಹೊರಗೆ ನಿಂತವರು.

ಆದರೂ ಇದನ್ನು ಎರಡು ಪ್ರಶ್ನೆಯಾಗಿ ಒಡೆಯಬೇಕು ಅನ್ನಿಸುತ್ತದೆ ನನಗೆ. ಮ್ಯಾಗೈರ್‌ನನ್ನು ಆಡಿಸಿದ್ದು ಸರಿಯೇ ಎಂಬುದು ಒಂದು. ಟೊಮೊರಿಯನ್ನು ಬಿಟ್ಟದ್ದು ನ್ಯಾಯವೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ನನ್ನ ಉತ್ತರ ಹೌದು. ರಾಷ್ಟ್ರೀಯ ತಂಡಕ್ಕೆ ವರ್ಷದಲ್ಲಿ ಸಿಗುವುದು ಕೆಲವೇ ವಾರಗಳ ಅಭ್ಯಾಸ. ಡಿಫೆನ್ಸ್ ಎಂಬುದು ಜೋಡಿ ಕೆಲಸ. ಸ್ಟೋನ್ಸ್ ಮುಂದೆ ಹೋದಾಗ ಮ್ಯಾಗೈರ್ ಎಲ್ಲಿರುತ್ತಾನೆ ಎಂಬುದು ಐದು ವರ್ಷದ ರೂಢಿ. ಅದನ್ನು ಟೂರ್ನಿಯ ಹೊಸ್ತಿಲಲ್ಲಿ ಮುರಿಯದ ಕೋಚ್‌ನನ್ನು ಮೂರ್ಖ ಎನ್ನಲಾರೆ. ಎರಡನೆಯದಕ್ಕೆ ನನ್ನ ಉತ್ತರ, ಅನ್ಯಾಯವೇ ಆಯಿತು. ಆಡಿಸದಿದ್ದರೂ 26 ಜನರಲ್ಲಿ ಜಾಗ ಕೊಡಬಹುದಿತ್ತು. ಮೊದಲನೆಯದು ಸರಿ ಎಂದು ಸಾಬೀತಾದರೆ ಎರಡನೆಯದೂ ಸರಿಯಾಗಿಬಿಡುವುದಿಲ್ಲ. ನಮ್ಮ ಚರ್ಚೆಗಳಲ್ಲಿ ಇವೆರಡೂ ಒಂದಕ್ಕೊಂದು ಸಿಕ್ಕಿಹಾಕಿಕೊಂಡು, ಟೊಮೊರಿಗಾದ ಅನ್ಯಾಯದ ಸಿಟ್ಟೂ ಮ್ಯಾಗೈರ್ ಲೆಕ್ಕಕ್ಕೇ ಜಮೆಯಾಗುತ್ತದೆ. ಪಟ್ಟಿ ಮಾಡಿದವನು ಅವನಲ್ಲವಲ್ಲ.

ಕಳೆದ ವರ್ಷ ಒಂದು ಖಾಸಗಿ ಕಂಪನಿಯ ಸಂದರ್ಶನಕ್ಕೆ ಹೋಗಿದ್ದೆ. ಆರು ಸೆಮಿಸ್ಟರ್‌ನಲ್ಲಿ ಒಂದರಲ್ಲಿ ಮಾತ್ರ ನನ್ನ ಅಂಕ ಕಡಿಮೆ, ಆ ವರ್ಷ ಮನೆಯಲ್ಲಿ ತೊಂದರೆಯಿತ್ತು. ಕೇಳಿದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಆ ಒಂದು ಸೆಮಿಸ್ಟರ್ ಸುತ್ತಲೇ. ಉಳಿದ ಐದನ್ನು ಅವರು ನೋಡಿದಂತೆ ಕಾಣಲಿಲ್ಲ. ಕೆಲಸ ಸಿಗಲಿಲ್ಲ, ಇರಲಿ. ಮ್ಯಾಗೈರ್ ಬಗ್ಗೆ ನನಗೆ ಕುತೂಹಲ ಹುಟ್ಟಿದ್ದರಲ್ಲಿ ಇದರ ಪಾಲೂ ಇರಬಹುದು.

ಚರ್ಚೆ ಚರ್ಚೆಯಾಗಿಯೇ ಉಳಿದಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. 2022ರ ಏಪ್ರಿಲ್‌ನಲ್ಲಿ ಅವನ ಮನೆಗೆ ಬಾಂಬ್ ಬೆದರಿಕೆ ಬಂತು. ಪೊಲೀಸರು ನಾಯಿ ತಂದು ತೋಟ ಜಾಲಾಡಿದರು. ಮನೆಯಲ್ಲಿ ಸಣ್ಣ ಮಕ್ಕಳಿದ್ದರು. 2023ರ ಸೆಪ್ಟೆಂಬರ್‌ನಲ್ಲಿ ಗ್ಲಾಸ್ಗೊದ ಹ್ಯಾಂಪ್‌ಡೆನ್ ಪಾರ್ಕ್‌ನಲ್ಲಿ ಸ್ಕಾಟ್ಲೆಂಡ್ ವಿರುದ್ಧ ಪಂದ್ಯ. ಜಗತ್ತಿನ ಮೊದಲ ಅಂತರರಾಷ್ಟ್ರೀಯ ಫುಟ್‌ಬಾಲ್ ಪಂದ್ಯ ಆಡಿದ್ದು ಈ ಎರಡು ದೇಶಗಳೇ, 1872ರಲ್ಲಿ. ಅದರ 150ನೇ ವರ್ಷದ ನೆನಪಿಗೆ ಇಟ್ಟ ಪಂದ್ಯ ಇದು. ಎರಡನೇ ಅರ್ಧಕ್ಕೆ ಇಳಿದ ಮ್ಯಾಗೈರ್ ಕ್ರಾಸ್ ತಡೆಯಲು ಕಾಲು ಚಾಚಿದ, ಚೆಂಡು ಸ್ವಂತ ಬಲೆಗೆ ಹೋಯಿತು. ಅವನು ಪಾಸ್ ಕೊಟ್ಟಾಗಲೆಲ್ಲ ಸ್ಕಾಟಿಷ್ ಪ್ರೇಕ್ಷಕರು ವ್ಯಂಗ್ಯವಾಗಿ ಜಯಕಾರ ಹಾಕಿದರು. ಇಂಗ್ಲೆಂಡ್ 3-1ರಿಂದ ಗೆದ್ದರೂ ಸುದ್ದಿಯಾದದ್ದು ಅದೊಂದೇ. ಎದುರಾಳಿಗಳು ಹಂಗಿಸುವುದು ಆಟದ ಭಾಗ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಮರುದಿನ ಅವನ ತಾಯಿ ಜೊಯಿ ಮ್ಯಾಗೈರ್ ಇನ್‌ಸ್ಟಾಗ್ರಾಂನಲ್ಲಿ ಬರೆದದ್ದು ಸ್ಕಾಟ್ಲೆಂಡಿನವರ ಬಗ್ಗೆ ಮಾತ್ರ ಅಲ್ಲ, ತನ್ನದೇ ದೇಶದ ಅಭಿಮಾನಿಗಳು ಮತ್ತು ಟಿ.ವಿ. ಪಂಡಿತರ ಬಗ್ಗೆ. ಫುಟ್‌ಬಾಲ್‌ನಲ್ಲಿ ಏರಿಳಿತ ಇರುತ್ತದೆ, ಆದರೆ ನನ್ನ ಮಗನ ವಿಷಯದಲ್ಲಿ ಇದು ಫುಟ್‌ಬಾಲ್ ದಾಟಿ ಎಲ್ಲಿಗೋ ಹೋಗಿದೆ ಎಂಬ ಅರ್ಥದ ಮಾತು. ಕೊಲಂಬಿಯಾದ ಆಂದ್ರೆಸ್ ಎಸ್ಕೊಬಾರ್‌ನನ್ನು ನೆನೆಸಿಕೊಳ್ಳಿ. 1994ರ ವಿಶ್ವಕಪ್‌ನಲ್ಲಿ ಸ್ವಂತ ಗೋಲು ಹೊಡೆದು ಊರಿಗೆ ಮರಳಿದ ಕೆಲವೇ ದಿನಕ್ಕೆ ಮೆಡೆಲಿನ್‌ನಲ್ಲಿ ಗುಂಡಿಗೆ ಬಲಿಯಾದ. ತಾಯಂದಿರಿಗೆ ಭಯವಾಗುವುದರಲ್ಲಿ ಆಶ್ಚರ್ಯವಿಲ್ಲ.

ಆ ವರ್ಷದ ಜುಲೈನಲ್ಲಿ ಕ್ಲಬ್ಬು ಅವನ ನಾಯಕನ ಪಟ್ಟ ತೆಗೆದಿತ್ತು. ಬೇರೆ ಕ್ಲಬ್ಬಿಗೆ ಮಾರುವ ಮಾತು ನಡೆದು ಮುರಿದುಬಿತ್ತು. ಹೋಗದೆ ಉಳಿದ. ನವೆಂಬರ್‌ನಲ್ಲಿ ಪ್ರೀಮಿಯರ್ ಲೀಗ್‌ನ ತಿಂಗಳ ಆಟಗಾರ ಪ್ರಶಸ್ತಿ ಅವನಿಗೇ ಬಂತು. ಅದೇ ತಿಂಗಳು ಘಾನಾದ ಸಂಸದ ಅಡೊಂಗೊ ಮತ್ತೆ ಎದ್ದು ನಿಂತು ಸದನದಲ್ಲೇ ಕ್ಷಮೆ ಕೇಳಿದರು: ಮ್ಯಾಗೈರ್ ಬದಲಾದ, ಬವುಮಿಯಾ ಬದಲಾಗಲಿಲ್ಲ ಎಂಬ ಧಾಟಿಯಲ್ಲಿ. ಕ್ಷಮೆ ಒಪ್ಪಿದೆ, ಓಲ್ಡ್ ಟ್ರಾಫರ್ಡ್‌ಗೆ ಬನ್ನಿ ಎಂದು ಮ್ಯಾಗೈರ್ ಉತ್ತರಿಸಿದ. 2025ರ ಅಕ್ಟೋಬರ್‌ನಲ್ಲಿ ಆನ್‌ಫೀಲ್ಡ್‌ನಲ್ಲಿ ಲಿವರ್‌ಪೂಲ್ ವಿರುದ್ಧ ಪಂದ್ಯ ಗೆಲ್ಲಿಸಿದ ಹೆಡರ್ ಕೂಡ ಅವನದೇ. 2016ರ ನಂತರ ಯುನೈಟೆಡ್ ಅಲ್ಲಿ ಗೆದ್ದಿರಲಿಲ್ಲ. ಹಾಗಂತ ಇದನ್ನೆಲ್ಲ ಸಿನಿಮಾ ಥರ ಎರಡನೇ ಅರ್ಧದ ಗೆಲುವು ಎಂದು ಹೇಳುವುದು ನನಗೆ ಇಷ್ಟವಿಲ್ಲ. ಗಾಯದಿಂದ ಅವನು ಯೂರೊ 2024 ತಪ್ಪಿಸಿಕೊಂಡ. ಅವನಿಲ್ಲದೆಯೂ ಇಂಗ್ಲೆಂಡ್ ಫೈನಲ್ ತಲುಪಿತು. ಅವನಿಲ್ಲದೆ ಆಗುವುದೇ ಇಲ್ಲ ಎಂದು ವಾದಿಸುತ್ತಿದ್ದವರಿಗೆ ಅದು ಸರಿಯಾದ ಉತ್ತರ.

ಅವನ ಜಾಗದಲ್ಲಿ ಆಡಿದ ಮಾರ್ಕ್ ಗೇಹಿ ನಿಜಕ್ಕೂ ಸೊಗಸಾಗಿ ಆಡಿದ. ಆಗ ಕ್ರಿಸ್ಟಲ್ ಪ್ಯಾಲೇಸ್ ಕ್ಲಬ್ಬಿನಲ್ಲಿದ್ದ ಹುಡುಗ, ಮ್ಯಾಗೈರ್ ಬೆಲೆಯ ಕಾಲು ಭಾಗವೂ ಕೊಡದೆ ಆ ಕ್ಲಬ್ಬು ಅವನನ್ನು ಕೊಂಡಿತ್ತು. ಈಗ ಎರಡು ಗೋಲುಗಳನ್ನು ಪಕ್ಕಪಕ್ಕ ಇಡುತ್ತೇನೆ, ನೀವೇ ನೋಡಿ.

2022ರ ಡಿಸೆಂಬರ್ 10, ಕತಾರ್, ಕ್ವಾರ್ಟರ್ ಫೈನಲ್. ಇಂಗ್ಲೆಂಡ್ 1, ಫ್ರಾನ್ಸ್ 1. 78ನೇ ನಿಮಿಷ. ಎಡದಿಂದ ಗ್ರೀಜ್‌ಮನ್ ಕ್ರಾಸ್. ಜಿರೂ ಮ್ಯಾಗೈರ್‌ಗಿಂತ ಅರ್ಧ ಹೆಜ್ಜೆ ಮುಂದೆ ಬಂದು ತಲೆ ಕೊಟ್ಟ, ಚೆಂಡು ಮ್ಯಾಗೈರ್‌ನ ಭುಜ ಸವರಿ ಒಳಹೋಯಿತು. ಅದಕ್ಕೆ ಕೆಲವೇ ನಿಮಿಷ ಮೊದಲು ಆ ಕಡೆ ಮ್ಯಾಗೈರ್‌ನ ಹೆಡರ್ ಕಂಬ ಸವರಿಕೊಂಡು ಹೊರಹೋಗಿತ್ತು. ಅಂತಿಮ ಫಲಿತಾಂಶ 1-2. ನಾಯಕ ಹ್ಯಾರಿ ಕೇನ್ ಆಮೇಲೊಂದು ಪೆನಾಲ್ಟಿಯನ್ನೂ ಆಕಾಶಕ್ಕೆ ಒದ್ದ. ಆದರೂ ಮರುದಿನ ಬೆಳಿಗ್ಗೆ ನನ್ನ ಫೋನಿಗೆ ಬಂದ ವಿಡಿಯೊಗಳಲ್ಲಿ ಹೆಚ್ಚಿನವು ಜಿರೂ ಮತ್ತು ಮ್ಯಾಗೈರ್‌ನದ್ದು. ಚೆಂಡು ಕಂಬ ಸವರಿದ್ದು ಒಂದರಲ್ಲೂ ಇರಲಿಲ್ಲ.

2024ರ ಜುಲೈ 14, ಬರ್ಲಿನ್, ಫೈನಲ್. ಇಂಗ್ಲೆಂಡ್ 1, ಸ್ಪೇನ್ 1. 86ನೇ ನಿಮಿಷ. ಎಡದಿಂದ ಕುಕುರೆಯಾ ಕ್ರಾಸ್. ಒಯಾರ್ಜಾಬಾಲ್ ಗೇಹಿಗಿಂತ ಅರ್ಧ ಹೆಜ್ಜೆ ಮುಂದೆ ಬಂದು ಕಾಲು ಕೊಟ್ಟ, ಗೋಲು. 90ನೇ ನಿಮಿಷದ ಸುಮಾರಿಗೆ ಕಾರ್ನರ್‌ನಲ್ಲಿ ಗೇಹಿಯ ಹೆಡರ್ ಬಲೆಯತ್ತ ಹೋಗುತ್ತಿತ್ತು, ಗೋಲಿನ ಗೆರೆಯ ಮೇಲೆ ನಿಂತಿದ್ದ ಡ್ಯಾನಿ ಓಲ್ಮೊ ತಲೆಯಿಂದ ಹೊರದೂಡಿದ. ಅಂತಿಮ ಫಲಿತಾಂಶ ಅದೇ 1-2. ಗೇಹಿಯನ್ನು ಯಾರೂ ಹಂಗಿಸಲಿಲ್ಲ. ಟೂರ್ನಿಯಲ್ಲಿ ಇಂಗ್ಲೆಂಡ್ ಕಂಡುಕೊಂಡ ಒಳ್ಳೆಯ ಡಿಫೆಂಡರ್ ಎಂದು ಹೊಗಳಿದರು, ಮತ್ತು ಆ ಹೊಗಳಿಕೆ ಅವನಿಗೆ ಸಲ್ಲಬೇಕಾದದ್ದೇ. ಒಯಾರ್ಜಾಬಾಲ್ ಅವನನ್ನು ದಾಟಿ ಬಂದ ಆ ಅರ್ಧ ಹೆಜ್ಜೆಯ ವಿಡಿಯೊವನ್ನು ನಾನೇ ಹುಡುಕಿಕೊಂಡು ಹೋಗಿ ನೋಡಬೇಕಾಯಿತು. ನನಗೆ ಇದುವರೆಗೆ ಅದನ್ನು ಯಾರೂ ಫಾರ್ವರ್ಡ್ ಮಾಡಿಲ್ಲ.